ಒಂದು ಗಳ ಕಬ್ಬಿನ ಪಾಪಪುಣ್ಯ

ನನ್ನ ಗಂಟಲಿನಲ್ಲಿ ಸುಮಾರು ನಲವತ್ತು ಜನ ವಾಸವಾಗಿದ್ದಾರೆ. ಅವರಲ್ಲಿ ನಮ್ಮ ಕಾಲೇಜಿನ ಪ್ರಾಚಾರ್ಯರಿದ್ದಾರೆ, ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಕೊಲ್ಹಾಪುರದ ಬಸ್ಸನ್ನು ಬರೀ ಮೂಗಿನಿಂದಲೇ ಕರೆಯುವ ಕಂಟ್ರೋಲರ್ ಇದ್ದಾರೆ, ಎರಡು ಮಾತಿಗೊಮ್ಮೆ ಸೀನುವ ನಿಪ್ಪಾಣಿಯ ನನ್ನ ಸೋದರಮಾವ ಇದ್ದಾನೆ. ಯಾರನ್ನೂ ಬಿಟ್ಟಿಲ್ಲ. ನನ್ನನ್ನೂ ಬಿಟ್ಟಿಲ್ಲ. ಪಾಠ ಮಾಡುವಾಗ ಡಸ್ಟರನ್ನು ಗದೆಯಂತೆ ಹೆಗಲಿಗಿಟ್ಟುಕೊಂಡು, ಗೊತ್ತಿಲ್ಲದ ವಿಷಯ ಬಂದ ಕೂಡಲೇ ದನಿಯನ್ನು ದಪ್ಪ ಮಾಡಿಕೊಳ್ಳುವ ನನ್ನನ್ನು ನನಗಿಂತ ಚೆನ್ನಾಗಿ ಅಣಕಿಸುವವರು ಈ ತಾಲೂಕಿನಲ್ಲಿ ಇಲ್ಲ. ಇಂಥವನಿಗೆ ಕಾಲೇಜಿನವರು ಮೌಲ್ಯ ಶಿಕ್ಷಣದ ತಾಸು ಕೊಟ್ಟಿದ್ದಾರೆ. ನಾನು ಅಲ್ಲಿ ಕನ್ನಡದ ಅತಿಥಿ ಉಪನ್ಯಾಸಕ. ಮನೆಯವರು ಯಾರೂ ಮುಟ್ಟದ ಪಲ್ಯವನ್ನು ಅತಿಥಿಗೆ ಬಡಿಸುವ ರೂಢಿ ಸಂಸಾರಸ್ಥರ ಮನೆಗಳಲ್ಲಿ ಇಲ್ಲ, ಕಾಲೇಜುಗಳಲ್ಲಿ ಇದೆ.

ಮೌಲ್ಯ ಶಿಕ್ಷಣ ಹೇಳುತ್ತಿದ್ದ ಆ ಚಳಿಗಾಲದಲ್ಲಿಯೇ ನಾನೊಂದು ತಪ್ಪು ಮಾಡಿದೆ. ಅದು ತಪ್ಪು ಹೌದೋ ಅಲ್ಲವೋ ಎಂದು ನಿರ್ಧರಿಸಲು ಪೂರ್ತಿ ಒಂದು ದಿನ ತೆಗೆದುಕೊಂಡೆ. ಆ ಒಂದು ದಿನ ಅದರ ಫಲ ಉಂಡವನು ಬೇರೆಯವನು. ಅದನ್ನು ನಿಮ್ಮ ಮುಂದೆ ಹೇಳಿ ಹಗುರಾಗೋಣ ಎಂದುಕೊಂಡಿದ್ದೇನೆ.

ಅದಕ್ಕೆ ಮೊದಲು ಕಬ್ಬು ಹಿರಿಯುವ ವಿಷಯ ತಿಳಿದಿರಬೇಕು. ನಮ್ಮೂರು ಚಿಕ್ಕೋಡಿಯಿಂದ ರಾಯಬಾಗಕ್ಕೆ ಹೋಗುವ ದಾರಿಯಲ್ಲಿದೆ. ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಮೇಲೆ ಆಕಾಶ ಮುಟ್ಟುವಷ್ಟು ಕಬ್ಬು ಹೇರಿಕೊಂಡು, ಮುಂದೆ ದೊಡ್ಡ ದನಿಯಲ್ಲಿ ಹಾಡು ಹಚ್ಚಿಕೊಂಡು ಕಾರ್ಖಾನೆಯ ಕಡೆಗೆ ಸಾಲುಗಟ್ಟುತ್ತವೆ. ನಮ್ಮ ಬಸ್‌ಸ್ಟ್ಯಾಂಡಿನ ಎದುರು ಒಂದು ರಸ್ತೆ ಹಂಪ್ ಇದೆ. ಅಲ್ಲಿ ಟ್ರ್ಯಾಕ್ಟರು ನಿಧಾನವಾಗಲೇಬೇಕು. ನಿಧಾನವಾದಾಗ ಬಸ್ಸಿಗೆ ಕಾದವರು ಎದ್ದು ಹೋಗಿ ಒಂದೊಂದು ಗಳ ಹಿರಿದುಕೊಂಡು ಬಂದು ಕೂತು ತಿನ್ನುತ್ತಾರೆ. ಇದನ್ನು ಯಾರೂ ಕಳವು ಎನ್ನುವುದಿಲ್ಲ. ನಿವೃತ್ತ ಹೆಡ್‌ಮಾಸ್ತರರು ಹಿರಿಯುತ್ತಾರೆ, ಪೂಜಾರಿ ಹಿರಿಯುತ್ತಾನೆ, ಒಮ್ಮೆ ಒಬ್ಬ ಪೊಲೀಸಪ್ಪ ಟೊಪ್ಪಿಗೆ ತೆಗೆದಿಟ್ಟು ಹಿರಿದದ್ದನ್ನು ನಾನೇ ಕಂಡಿದ್ದೇನೆ.

ಕಳವಲ್ಲ ಎಂದ ಮಾತ್ರಕ್ಕೆ ಕಾನೂನು ಇಲ್ಲವೆಂದಲ್ಲ. ಬಾಯಿಗೊಂದೇ ಗಳ. ತಿಂದರೆ ಅಲ್ಲೇ ತಿನ್ನಬೇಕು, ಮನೆಗೆ ಒಯ್ದರೆ ಅದು ಕಳವು. ಕೆಳಗಿನಿಂದ ಹಿರಿಯಬಾರದು, ಹೊರೆ ವಾಲುತ್ತದೆ. ಎತ್ತಿನ ಗಾಡಿಯಿಂದಂತೂ ಕೂಡದು. ಅಷ್ಟು ದೂರ ಎಳೆದು ಬಂದ ಎತ್ತಿನ ಕಣ್ಣೆದುರಿಗೆ ಅದರ ಹೊರೆಯಿಂದ ಕಿತ್ತು ತಿನ್ನುವುದಕ್ಕೆ ಎದೆ ಬೇಕು. ಇವನ್ನೆಲ್ಲ ಯಾರು ಬರೆದರು, ಯಾವಾಗ ಬರೆದರು ಗೊತ್ತಿಲ್ಲ. ಎಲ್ಲರಿಗೂ ಗೊತ್ತಿದೆ, ಅಷ್ಟೇ.

ಇದೇ ಕಾನೂನನ್ನು ಹಿಡಿದುಕೊಂಡು ಅಥಣಿಯ ಕಡೆ ಹೋಗಿ ಒಂದು ದ್ರಾಕ್ಷಿ ಹಣ್ಣಿಗೆ ಕೈಹಾಕಿ ನೋಡಿ. ತೋಟದವನು ನಿಮ್ಮ ಏಳು ತಲೆಮಾರನ್ನು ಹೆಸರು ಹಿಡಿದು ಕರೆಯುತ್ತಾನೆ. ಅಲ್ಲಿ ದ್ರಾಕ್ಷಿಯೆಂದರೆ ಹೆತ್ತ ಮಗಳು, ಇಲ್ಲಿ ಕಬ್ಬೆಂದರೆ ಊರ ಹೋರಿ. ನಿಪ್ಪಾಣಿಯಲ್ಲಿ ನನ್ನ ಅತ್ತೆ, ಅಂದರೆ ಸೀನುವ ಮಾವನ ಹೆಂಡತಿ, ದಿನವಿಡೀ ಬೀಡಿ ಸುತ್ತುತ್ತಾಳೆ. ಮಾವ ಒಂದು ಬೀಡಿ ಹಚ್ಚಿದರೆ ಹೊರಗೆ ಹಾಕಿ ಕದ ಇಕ್ಕಿಕೊಳ್ಳುತ್ತಾಳೆ. ಸುತ್ತೋದು ಕೆಲಸ, ಸೇದೋದು ಚಟ ಎಂಬುದು ಅವಳ ಧರ್ಮಶಾಸ್ತ್ರ. ಇನ್ನು ನನ್ನ ಗೆಳೆಯ ಅಜಿತ ಜೈನರವನು, ಚಿಕ್ಕೋಡಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವರ ಮನೆಯಲ್ಲಿ ಬಟಾಟೆ ಪಾಪ, ಉಳ್ಳಾಗಡ್ಡಿ ಪಾಪ, ಹೊತ್ತು ಮುಳುಗಿದ ಮೇಲೆ ಉಣ್ಣುವುದು ಪಾಪ. ಗೋಡೆಗೆ ಗೋಡೆ ಹತ್ತಿದ ನಮ್ಮ ಮನೆಯಲ್ಲಿ ಬಟಾಟೆ ಪಲ್ಯವಿಲ್ಲದಿದ್ದರೆ ಅಪ್ಪ ತಾಟಿನ ಮುಂದೆ ಕೂರುವುದಿಲ್ಲ, ಅದೂ ರಾತ್ರಿ ಒಂಬತ್ತಕ್ಕೆ. ಅಜಿತನ ಅಜ್ಜಿ ಪದ್ಮವ್ವ ಆಯಿಯನ್ನು ಒಮ್ಮೆ ಕೇಳಿದ್ದೆ, ಹಾಗಾದರೆ ನಮ್ಮ ಮನೆಯವರೆಲ್ಲ ನರಕಕ್ಕೇನು ಎಂದು. ಗಡ್ಡೆ ಕಿತ್ತರೆ ಗಿಡ ಸಾಯುತ್ತದೆ, ಕಾಯಿ ಹರಿದರೆ ಬದುಕುತ್ತದೆ, ಇದು ನಮ್ಮ ಲೆಕ್ಕ, ನಿಮ್ಮದು ನೀವು ನೋಡಿಕೊಳ್ಳಿ ಎಂದಿದ್ದಳು. ಕಬ್ಬು ಕಡಿದರೆ ಕೂಳೆ ಮತ್ತೆ ಚಿಗುರುವುದರಿಂದ ಕಬ್ಬಿನ ಬಗ್ಗೆ ಆಯಿಯ ತಕರಾರಿಲ್ಲ. ಅವಳು ಹಲ್ಲಿರುವ ತನಕ ಹಿರಿದುಕೊಂಡವಳೇ.

ಅಂತೂ ನೀತಿಯೆಂಬುದು ಊರಿಗೊಂದು ರುಚಿ ಇರುವ ಸಾರಿನಂತೆ ಎಂದು ನಾನು ನಂಬಿಕೊಂಡಿದ್ದೆ. ಗಡಿಯ ಕಾಗವಾಡ ದಾಟಿದರೆ ಭಾಷೆಯೇ ಬದಲಾಗುತ್ತದೆ, ಪಾಪಪುಣ್ಯ ಬದಲಾಗುವುದರಲ್ಲಿ ಏನು ವಿಶೇಷ? ಈ ನಂಬಿಕೆ ಬಹಳ ಅನುಕೂಲವಾದದ್ದು. ಹೊದ್ದುಕೊಂಡು ಮಲಗಿದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಈಗ ತಪ್ಪಿಗೆ ಬರುತ್ತೇನೆ. ನಮ್ಮೂರ ಅಣ್ಣಾಸಾಹೇಬ ಕಾಕಾನ ಟ್ರ್ಯಾಕ್ಟರನ್ನು ನಡೆಸುವವನು ವಿಠ್ಠಲ ಮಾಮಾ. ಐವತ್ತರ ಆಸುಪಾಸಿನವನು, ಮಾಳಕರಿ. ಎಂದರೆ ಪಂಢರಪುರಕ್ಕೆ ನಡೆದು ಹೋಗುವವನು, ಕೊರಳಲ್ಲಿ ತುಳಸಿ ಮಾಲೆ, ಬಾಯಿಗೆ ಸಾರಾಯಿಯಿಲ್ಲ, ಮಾಂಸವಿಲ್ಲ. ಇವನೊಬ್ಬ ಕಲಾವಿದ. ಹಂಪನ್ನು ಎಷ್ಟು ನಾಜೂಕಾಗಿ ಏರಿಸಿ ಇಳಿಸುತ್ತಿದ್ದನೆಂದರೆ ನಾವು ಎದ್ದು ರಸ್ತೆಗೆ ಬರುವಷ್ಟರಲ್ಲಿ ಹಿಂದಿನ ಟ್ರೇಲರಿನ ಬಾಲ ಮಾತ್ರ ಕಾಣುತ್ತಿತ್ತು. ಹಂಗಾಮಿನ ಅರ್ಧ ಮುಗಿದರೂ ಅವನ ಹೊರೆಯಿಂದ ಒಂದು ಗಳ ಯಾರಿಗೂ ದಕ್ಕಿರಲಿಲ್ಲ. ಬಸ್‌ಸ್ಟ್ಯಾಂಡಿನ ಮಾನದ ಪ್ರಶ್ನೆ ಅದು.

ಒಂದು ಶುಕ್ರವಾರ ಸಂಜೆ ನಾನೂ ಅಜಿತನೂ ಚಿಕ್ಕೋಡಿಯಿಂದ ಬಂದು ಅಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತಿದ್ದೆವು. ದೂರದಲ್ಲಿ ವಿಠ್ಠಲ ಮಾಮಾನ ಅಭಂಗ ಕೇಳಿಸಿತು. ಅವನು ಟ್ರ್ಯಾಕ್ಟರಿನಲ್ಲಿ ಹಚ್ಚುವುದು ಆ ಮರಾಠಿ ಭಜನೆಯನ್ನೇ. ನಾನು ಬಸ್‌ಸ್ಟ್ಯಾಂಡಿನ ಗೋಡೆಯ ಹಿಂದೆ ಹೋಗಿ ನಿಂತೆ. ಅಣ್ಣಾಸಾಹೇಬ ಕಾಕಾ ಮಾತಿಗೆ ಮೊದಲು ಎರಡು ಸಲ ಕೆಮ್ಮುತ್ತಾನೆ, ಆಮೇಲೆ ಹೆಸರನ್ನು ಹಗ್ಗದಂತೆ ಎಳೆಯುತ್ತಾನೆ. ಮುಂದಿನ ಗಾಲಿ ಹಂಪ್ ಇಳಿಯುವುದಕ್ಕೂ ನಾನು ಎರಡು ಸಲ ಕೆಮ್ಮುವುದಕ್ಕೂ ಸರಿಹೋಯಿತು. "ಏ ವಿಠ್ಠಲಾ, ಗಾಡಿ ನಿಲ್ಲಸ."

ಗಾಡಿ ನಿಂತಿತು. ಹಾಡೂ ನಿಂತಿತು. ವಿಠ್ಠಲ ಮಾಮಾ ಇಳಿದು, ಮಾಲಕ ತೋಟದ ಹಾದಿಯಿಂದ ಕರೆದಿರಬೇಕೆಂದು ಆ ಕಡೆ ನಡೆದ. ಅವನ ಬೆನ್ನು ತಿರುಗಿದ್ದೇ ತಡ, ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ಎದ್ದಿತು. ಮದುವೆಯಲ್ಲಿ ಎರಡನೇ ಪಂಕ್ತಿಗೆ ನುಗ್ಗಿದಂತೆ ನುಗ್ಗಿದೆವು. ಬಾಯಿಗೊಂದು ಗಳ ಎಂಬ ಕಾನೂನು ಮೊದಲು ಬಿತ್ತು, ಕೆಳಗಿನಿಂದ ಹಿರಿಯಬಾರದೆಂಬುದು ಅದರ ಹಿಂದೆ ಬಿತ್ತು. ಎಲ್ಲರೂ ಹಿರಿದದ್ದು ಒಂದೇ ಮಗ್ಗುಲಿಂದ. ಮಾಮಾ ತೋಟದ ಹಾದಿಯಲ್ಲಿ ಯಾರೂ ಕಾಣದೆ ತಲೆ ಕೆರೆದುಕೊಂಡು ಮರಳಿ ಬಂದು ಟ್ರ್ಯಾಕ್ಟರು ಏರಿದ. ನಾವು ಏನೂ ಅರಿಯದವರಂತೆ ಕಬ್ಬನ್ನು ಬೆನ್ನ ಹಿಂದೆ ಹಿಡಿದಿದ್ದೆವು. ಟ್ರೇಲರು ಹಂಪಿನ ಮೇಲೆ ಜಗ್ಗಿತು, ಹೊರೆ ವಾಲಿತು, ಹಗ್ಗ ಹರಿಯಿತು, ಅರ್ಧ ಟ್ರೇಲರಿನ ಕಬ್ಬು ರಸ್ತೆಯ ಮೇಲೆ ಹಾಸಿಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಎರಡೂ ಕಡೆ ಬಸ್ಸುಗಳು ನಿಂತವು, ಹಾರ್ನುಗಳು ಎದ್ದವು.

ಅಣ್ಣಾಸಾಹೇಬ ಕಾಕಾ ಅಥಣಿಯಲ್ಲಿ ಬೀಗರ ಮನೆಯಲ್ಲಿದ್ದವನು ಸುದ್ದಿ ಕೇಳಿ ಓಡಿ ಬಂದ. ಹಂಪಿನ ಮೇಲೆ ಯಾಕೆ ನಿಲ್ಲಿಸಿದೆ ಎಂದು ಕೇಳಿದ. ನೀವೇ ಕರೆದಿರಿ ಎಂದ ಮಾಮಾ. ಕಾಕಾ ಅವನನ್ನು ಒಂದು ಗಳಿಗೆ ನೋಡಿದ. ಆಮೇಲೆ ಎಲ್ಲರೆದುರಿಗೆ, ಮಾಲೆ ಹಾಕ್ಕೊಂಡು ಕುಡೀತೀಯೇನು ಎಂದು ಕೇಳಿ, ಟ್ರ್ಯಾಕ್ಟರಿನ ಚಾವಿ ಕಸಿದುಕೊಂಡ. ವಿಠ್ಠಲ ಮಾಮಾನ ಕೈ ಕೊರಳಿಗೆ ಹೋಯಿತು, ಮಾಲೆ ಅಂಗಿಯೊಳಗೆ ಸರಿಯಿತು. ಅಷ್ಟು ಕಂಡೆ.

ಬಸ್‌ಸ್ಟ್ಯಾಂಡಿನಲ್ಲಿ ಇದ್ದವರಲ್ಲಿ ಹತ್ತು ಜನಕ್ಕಾದರೂ ನಿಜ ಗೊತ್ತಿತ್ತು. ಹತ್ತೂ ಬಾಯಿಗಳಲ್ಲಿ ಕಬ್ಬಿತ್ತು.

ಮರುದಿನ ಮುಂಜಾನೆಯ ಹೊತ್ತಿಗೆ ಊರಲ್ಲಿ ಎರಡು ಪಕ್ಷಗಳಾಗಿದ್ದವು. ಮಾಮಾ ಕುಡಿದಿದ್ದ ಎನ್ನುವವರು ಕೆಲವರು, ಅವನಿಗೆ ಗಾಳಿ ಬಡಿದಿದೆ, ಅದಕ್ಕೇ ದನಿ ಕೇಳಿಸುತ್ತಿದೆ ಎನ್ನುವವರು ಕೆಲವರು. ನಾನು ಎರಡೂ ಪಕ್ಷ ಸೇರದೆ ಕಾಲೇಜಿಗೆ ಹೋದೆ. ಶನಿವಾರ ಮೊದಲ ತಾಸೇ ಮೌಲ್ಯ ಶಿಕ್ಷಣ. ಆ ದಿನವೇ ಸವಿತಾ ಎಂಬ ವಿದ್ಯಾರ್ಥಿನಿ ಎದ್ದು ನಿಲ್ಲಬೇಕೆ? "ಸರ್, ಎಲ್ಲಾರಿಗೂ, ಎಲ್ಲಾ ಕಾಲಕ್ಕೂ ತಪ್ಪು ಅನ್ನೂವಂಥಾದ್ದು ಏನರ ಐತೇನ್ರಿ?"

ಡಸ್ಟರು ಹೆಗಲಿಗೇರಿತು, ದನಿ ದಪ್ಪವಾಯಿತು. ಇದರ ಬಗ್ಗೆ ಬಲ್ಲವರಲ್ಲಿ ಎರಡು ಮತಗಳಿವೆ ಎಂದೆ. ಎರಡು ಮತಗಳಿವೆ ಎಂದು ಹೇಳಿದರೆ ಯಾವ ವಿಷಯದಲ್ಲೂ ಹತ್ತು ನಿಮಿಷ ಸಾಗುತ್ತದೆ. ನೀತಿಯೆಂಬುದು ಎರಡೂ ಎರಡೂ ನಾಲ್ಕು ಇದ್ದಂತೆ, ಎಣಿಸುವವರು ಯಾರೂ ಇಲ್ಲದಿದ್ದರೂ ನಾಲ್ಕೇ ಎನ್ನುವವರು ಒಂದು ಕಡೆ. ಮನುಷ್ಯರು ತಮ್ಮ ತಮ್ಮ ಅನುಕೂಲಕ್ಕೆ ಕಟ್ಟಿಕೊಂಡ ರೂಢಿ ಅದು, ರಸ್ತೆಯ ಎಡಕ್ಕೆ ನಡೆಯಬೇಕೆಂಬ ನಿಯಮದಂತೆ ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಪರವಾಗಿ ಎಷ್ಟು ಆವೇಶದಿಂದ ವಾದಿಸಿದೆನೆಂದರೆ ಚಿಕ್ಕೋಡಿ ಕೋರ್ಟಿನ ವಕೀಲರು ಕೇಳಿದ್ದರೆ ಕರಿ ಕೋಟು ಹೊದಿಸುತ್ತಿದ್ದರು. ಗಂಟೆ ಹೊಡೆಯಿತು. ಸವಿತಾ ವಹಿಯಲ್ಲಿ ಏನನ್ನೂ ಬರೆದುಕೊಂಡಿರಲಿಲ್ಲ.

ಸಂಜೆ ಅಜಿತನ ಮನೆಗೆ ಹೋದೆ. ಹೊತ್ತು ಮುಳುಗುವ ಮೊದಲು ಆಯಿ ಉಣ್ಣಲು ಕೂತಿದ್ದಳು. ನಾನು ಹೋದ ಕೂಡಲೇ ಯಾರದಾದರೂ ದನಿ ತೆಗೆ ಎನ್ನುವುದು ಅವಳ ಪದ್ಧತಿ. ಅವಳದೇ ದನಿ ತೆಗೆದರೆ ಇನ್ನೂ ಖುಷಿ. ಆ ದಿನ ನನ್ನ ಗಂಟಲಿನ ನಲವತ್ತು ಜನರಲ್ಲಿ ಒಬ್ಬರೂ ಹೊರಗೆ ಬರಲಿಲ್ಲ. ಏನಾಯಿತು ಮಂಗ್ಯಾ ಎಂದು ಕೇಳಿದಳು. ಅಜಿತ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಹೇಳಿಬಿಟ್ಟೆ.

ಹೇಳಿದ್ದಷ್ಟೇ ಅಲ್ಲ, ವಾದವನ್ನೂ ಹೂಡಿದೆ. ಕಬ್ಬು ಹಿರಿಯುವುದು ಪಾಪವೇ ಆಯಿ? ಅಲ್ಲ ಎಂದಳು. ಅಣಕಿಸುವುದು ಪಾಪವೇ? ಅದು ಪಾಪವಾದರೆ ಕೇಳಿ ನಕ್ಕ ನನಗೂ ಪಾಲು ಬರುತ್ತದೆ, ಅಲ್ಲ ಎಂದಳು. ಹೊರೆ ವಾಲಿದ್ದು ಹತ್ತು ಜನರ ಕೈಯಿಂದ, ಕುಡುಕ ಎಂದದ್ದು ಅಣ್ಣಾಸಾಹೇಬ ಕಾಕಾ. ಹೀಗೆ ಒಂದೊಂದೇ ಬಿಡಿಸಿದರೆ ಇದರಲ್ಲಿ ನನ್ನ ಪಾಪ ಯಾವುದು? ಉಳ್ಳಾಗಡ್ಡಿಯ ಪದರು ಬಿಡಿಸಿದಂತೆ ಬಿಡಿಸಿ ಕೊನೆಗೆ ಕೈ ಖಾಲಿ ಮಾಡಿ ತೋರಿಸಿದೆ. ಉಳ್ಳಾಗಡ್ಡಿ ತಿನ್ನದ ಮನೆಯಲ್ಲಿ ಅದು ನಡೆಯಲಿಲ್ಲ.

"ಅದೆಲ್ಲಾ ಇರ್ಲಿ," ಎಂದಳು ಆಯಿ. "ಈಗ ವಿಠ್ಠಲ ಎಲ್ಲಿ ಅದಾನ?"

"ಮನ್ಯಾಗ ಅದಾನಂತ."

"ಉಂಡಾನೇನು?"

"ಗೊತ್ತಿಲ್ಲ ಆಯಿ."

"ಗೊತ್ತಿಲ್ಲಂದ್ರ ಹೋಗಿ ನೋಡಬೇಕಪ್ಪ. ನೀ ಇಲ್ಲಿ ಕುಂತ ಪಾಪ ಸುಲಿದ್ರ ಅಂವನ ಹೊಟ್ಟಿ ತುಂಬತೈತೇನು?"

ಇಷ್ಟು ಹೇಳಿ ಆಯಿ ತನ್ನ ತಾಟಿನ ಕಡೆ ತಿರುಗಿದಳು. ಹೊತ್ತು ಮುಳುಗುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಆದರೂ ಅವಳು ಅರ್ಧ ಜೋಳದ ಭಕ್ಕರಿ ಹಾಗೆಯೇ ಬಿಟ್ಟು ಕೈ ತೊಳೆದಳು. ಬೈದಿದ್ದರೆ ನಾನು ಅಣಕಿಸಿ ಪಾರಾಗುತ್ತಿದ್ದೆ. ಬಿಟ್ಟ ಭಕ್ಕರಿಯನ್ನು ಅಣಕಿಸುವುದು ನನಗೆ ಬರುವುದಿಲ್ಲ.

ಅಣ್ಣಾಸಾಹೇಬ ಕಾಕಾನ ಮನೆ ಊರ ಹೊರಗಿನ ತೋಟದಲ್ಲಿದೆ. ನೀ ಒಳಗೆ ಹೋಗು, ನಾನು ಗಾಡಿ ಚಾಲೂ ಇಟ್ಟುಕೊಂಡಿರುತ್ತೇನೆ ಎಂದ ಅಜಿತ. ಗೆಳೆತನಕ್ಕೂ ಒಂದು ಗಡಿ ಇರುತ್ತದಲ್ಲ. ಕಾಕಾ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ನಿಂತಲ್ಲೇ ಎಲ್ಲ ಹೇಳಿದೆ: ಗೋಡೆಯ ಹಿಂದೆ ನಿಂತದ್ದು, ಕೆಮ್ಮಿದ್ದು, ಕರೆದದ್ದು. ಕೆನ್ನೆಯನ್ನು ಸಿದ್ಧ ಮಾಡಿಕೊಂಡೇ ಹೇಳಿದೆ. ಕಾಕಾ ಶಾಂತವಾಗಿ ಕೇಳಿದ. ಆಮೇಲೆ ಕರುಣೆಯಿಂದ ನಕ್ಕ.

"ನೋಡ ಮಾಸ್ತರ, ವಿಠ್ಠಲನ ಮ್ಯಾಲ ನಿನಗ ಮರುಕ ಬಂದೈತಿ. ಅದಕ್ಕ ನಿನ್ನ ತಲಿ ಮ್ಯಾಲ ಹಾಕ್ಕೊಳ್ಳಾಕತ್ತಿ. ಛಲೋ ಗುಣ. ಆದ್ರ ಸುಳ್ಳ ಹೇಳಬ್ಯಾಡ."

ಇಷ್ಟು ವರ್ಷ ಸುಳ್ಳು ದನಿಗಳಲ್ಲಿ ಮಾತಾಡಿ ಎಲ್ಲರನ್ನೂ ನಂಬಿಸಿದವನು ನಾನು. ಮೊದಲ ಸಲ ನಿಜ ಹೇಳಿದರೆ ಸುಳ್ಳು ಹೇಳಬೇಡ ಎಂದು ಬುದ್ಧಿವಾದ. ಬೇರೆ ದಾರಿ ಇರಲಿಲ್ಲ. ಒಬ್ಬರ ಅಣಕನ್ನು ಅವರ ಮುಖದ ಮುಂದೆ, ಅವರದೇ ಅಂಗಳದಲ್ಲಿ ನಾನು ಎಂದೂ ಮಾಡಿದವನಲ್ಲ. ಕಣ್ಣು ಮುಚ್ಚಿಕೊಂಡು ಎರಡು ಸಲ ಕೆಮ್ಮಿ ಅಂದೆ: "ಏ ವಿಠ್ಠಲಾ, ಗಾಡಿ ನಿಲ್ಲಸ."

ಅಡುಗೆಮನೆಯೊಳಗಿಂದ ಕಾಕಾನ ಹೆಂಡತಿ ಕಾಕು ಕೂಗಿ ಹೇಳಿದಳು. "ಎಲ್ಲೀ ವಿಠ್ಠಲನ್ನ ಕರ್ಯಾಕತ್ತೀರಿ? ನೀವ ಚಾವಿ ಕಸ್ಕೊಂಡ ಮನಿಗೆ ಕಳಿಸೀರಲ್ಲ ಅವನ್ನ."

ಕಾಕಾನ ಮುಖದ ನಗು ಇಳಿಯಿತು. ಮೂವತ್ತು ವರ್ಷ ಜೊತೆಯಲ್ಲಿ ಬಾಳಿದವಳೇ ಮೋಸಹೋದ ಮೇಲೆ ಡ್ರೈವರನ ಪಾಡೇನು ಎಂದು ಅವನಿಗೂ ಹೊಳೆದಿರಬೇಕು.

"ಕಬ್ಬ ಹಿರಕೊಂಡಿ, ಇರ್ಲಿ," ಎಂದ ಕೊನೆಗೆ. "ನಾನೂ ಹಿರಕೊಂಡಾಂವನ. ಆದ್ರ ನನ್ನ ಬಾಯಿಂದ ಅಂವಗ ಹುಕುಂ ಕೊಟ್ಟಿ. ಆಮ್ಯಾಲೆ ನನ್ನ ಬಾಯಿಂದನ ಅಂವಗ ಕುಡುಕ ಅನಿಸಿದಿ. ನಾ ಮಂದಿ ಮುಂದ ಹೆಂಗ ನಿಲ್ಲಲಿ?"

ಹೊಡೆದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಹೊಡೆಯಲಿಲ್ಲ. ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಚಾವಿಯನ್ನು ಕಿಸೆಯಲ್ಲಿ ಹಾಕಿಕೊಂಡು ಎದ್ದ. ನಾನು ಹಿಂದಿನಿಂದ ನಡೆದೆ. ಅಜಿತನೂ ಗಾಡಿ ಬಂದ್ ಮಾಡಿ ನಡೆದ.

ವಿಠ್ಠಲ ಮಾಮಾ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ಒಂದನ್ನೂ ತಿನ್ನುತ್ತಿರಲಿಲ್ಲ. ಬರೀ ಸುಲಿಯುತ್ತಿದ್ದ. ಪಕ್ಕದ ಮನೆಯವರು ಮುಂಜಾನೆಯಿಂದ ಏನೇನೋ ನೆಪ ಮಾಡಿಕೊಂಡು ಬಂದು ಹತ್ತಿರ ನಿಂತು ಉಸಿರೆಳೆದುಕೊಂಡು ಹೋಗಿದ್ದರಂತೆ, ವಾಸನೆ ಬರುತ್ತದೆಯೋ ಎಂದು. ಕಾಕಾ ನಡೆದದ್ದನ್ನು ಹೇಳಿ ತನ್ನದು ತಪ್ಪಾಯಿತೆಂದ. ನಾನು ನನ್ನದು ತಪ್ಪಾಯಿತೆಂದೆ. ಮಾಮಾ ನನ್ನನ್ನು ನೋಡಲೇ ಇಲ್ಲ. ಕಾಕಾ ಚಾವಿ ಮುಂದೆ ಹಿಡಿದ. ಮಾಮಾ ಅದನ್ನು ಮುಟ್ಟಲಿಲ್ಲ.

"ಮಾಲಕ್ರ, ಇಲ್ಲಿ ಹೇಳಿದ್ರ ನನ್ನ ಹೆಂಡ್ತಿಗಷ್ಟ ಕೇಳಸ್ತೈತಿ. ಅಕಿ ನನ್ನ ಮೊದಲ ನಂಬ್ಯಾಳ. ನೀವು ಅಂದದ್ದು ಹಂಪಿನ ಮ್ಯಾಲರಿ."

ಇದಕ್ಕೆ ವಾದವಿರಲಿಲ್ಲ. ನೀತಿಗೆ ಊರಿಗೊಂದು ರುಚಿ ಎಂದು ಅದೇ ಮುಂಜಾನೆ ಒಂದು ತಾಸು ಗುಡುಗಿದ್ದ ನಾನೂ ಗೋಣು ಹಾಕಿದೆ. ಗಡ್ಡೆ ತಿನ್ನದ ಅಜಿತ ಗೋಣು ಹಾಕಿದ. ಯಾರಿಗೂ ತಲೆ ಬಾಗಿದ್ದನ್ನು ಊರು ಕಾಣದ ಅಣ್ಣಾಸಾಹೇಬ ಕಾಕಾ ಎಲ್ಲರಿಗಿಂತ ಮೊದಲು ಗೋಣು ಹಾಕಿದ.

ಭಾನುವಾರ ಮುಂಜಾನೆ, ಚಿಕ್ಕೋಡಿ ಬಸ್ಸಿಗೆ ಜನ ಸೇರಿದ ಹೊತ್ತಿಗೆ, ಹೊಸದಾಗಿ ಹೊರೆ ಕಟ್ಟಿದ ಟ್ರ್ಯಾಕ್ಟರನ್ನು ಕಾಕಾನೇ ನಡೆಸಿಕೊಂಡು ಬಂದು ಹಂಪಿನ ಈಚೆಗೆ ನಿಲ್ಲಿಸಿದ. ಕಾಕಾ ರಸ್ತೆಯ ನಡುವೆ ನಿಂತು, ಎರಡು ಸಲ ಕೆಮ್ಮಿ, ವಿಠ್ಠಲ ಕುಡಿದಿರಲಿಲ್ಲ, ಕುಡಿದಿದ್ದಾನೆಂದ ನನ್ನ ಬಾಯಿಯೇ ತಪ್ಪಿತು ಎಂದ. ಆಮೇಲೆ ನಾನು ಬಸ್‌ಸ್ಟ್ಯಾಂಡಿನ ಕಟ್ಟೆ ಹತ್ತಿದೆ. ಹೇಳುವಾಗ ಡಸ್ಟರು ಇಲ್ಲದೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಕಬ್ಬು ತಿಂದವರೆಲ್ಲ ತಮ್ಮ ತಮ್ಮ ಚಪ್ಪಲಿಗಳನ್ನು ಪರೀಕ್ಷಿಸುತ್ತಿದ್ದರು. ನಿವೃತ್ತ ಹೆಡ್‌ಮಾಸ್ತರರು ಗಂಟಲು ಸರಿಮಾಡಿಕೊಂಡು, ತಾವೂ ಆ ದಿನ ಎರಡು ಗಳ ಹಿರಿದದ್ದು ಹೌದು, ಅದೂ ಕೆಳಗಿನಿಂದ ಎಂದರು. ಅವರ ಹಿಂದೆ ಒಬ್ಬೊಬ್ಬರೇ ಬಾಯಿಬಿಟ್ಟರು. ಕೊನೆಗೆ ಎಷ್ಟು ಜನ ಒಪ್ಪಿಕೊಂಡರೆಂದರೆ ಆ ದಿನ ಅಲ್ಲಿ ಇಲ್ಲದವರೂ ಸೇರಿಕೊಂಡಿದ್ದಾರೆಂದು ನನಗೆ ಅನುಮಾನ ಬಂತು.

ಮಾಮಾ ನಗಲಿಲ್ಲ. ಹೊರೆಯ ಹಗ್ಗಗಳನ್ನು ಎಳೆದು ನೋಡಿ, ಚಾವಿ ಇಸಿದುಕೊಂಡು, ಟ್ರ್ಯಾಕ್ಟರು ಹತ್ತಿ, ಮೊದಲ ಸಲ ನನ್ನ ಕಡೆ ನೋಡಿದ. "ಹತ್ರಿ ಮಾಸ್ತರ. ಫ್ಯಾಕ್ಟರಿ ತನಕ ಬರ್ರಿ."

ಕಾರ್ಖಾನೆಯ ಅಂಗಳದಲ್ಲಿ ಸಾಲು ಮುಂದೆ ಸರಿಯಲು ಅರ್ಧ ದಿನ ಬೇಕು. ಡ್ರೈವರುಗಳೆಲ್ಲ ಇಳಿದು ಒಂದು ಟ್ರೇಲರಿನ ನೆರಳಿಗೆ ಕೂಡಿದರು. ಕನ್ನಡದವರು, ಮರಾಠಿಯವರು, ಎರಡನ್ನೂ ಕಲಸಿ ಆಡುವವರು. ಮಾಮಾ ನನ್ನನ್ನು ಅವರ ನಡುವೆ ಕೂರಿಸಿ, ನಮ್ಮ ಮಾಸ್ತರಗೆ ಒಂದು ಕಥೆ ಬರುತ್ತದೆ, ಕೇಳಿ ಎಂದು ಹೇಳಿ ತಾನು ಟ್ರ್ಯಾಕ್ಟರಿನ ಗಾಲಿಗೆ ಆನಿಕೊಂಡ. ಅದು ಶಿಕ್ಷೆಯೋ ಮರ್ಯಾದೆಯೋ ಈಗಲೂ ತಿಳಿದಿಲ್ಲ. ಎರಡೂ ಭಾಷೆಗಳಲ್ಲಿ, ಎಲ್ಲರ ದನಿಗಳಲ್ಲಿ, ಡ್ರೈವರನ ಹೆಸರು ಹೇಳದೆ ಕಥೆ ಹೇಳಿದೆ. ನಗು ಒಬ್ಬೊಬ್ಬರಿಗೆ ಒಂದೊಂದು ಕಡೆ ಬಂತು. ಕೆಮ್ಮಿಗೆ ಕೆಲವರು, ಕಾಕುವಿನ ಮಾತಿಗೆ ಕೆಲವರು. ಆದರೆ ಮಾಲೆ ಹಾಕ್ಕೊಂಡು ಕುಡೀತೀಯೇನು ಎಂಬ ಮಾತು ಬಂದಾಗ ಎಲ್ಲರ ನಾಲಿಗೆಯೂ ಒಮ್ಮೆಗೇ 'ಚ್ಚ್' ಎಂದಿತು.

ದನಿಯ ವಿಷಯದಲ್ಲಿ ನನಗೆ ಸ್ವಲ್ಪ ಪರಿಣತಿ ಇದೆ ಎಂದು ನೀವು ಒಪ್ಪುತ್ತೀರಿ. ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಹೊಂದುವುದಿಲ್ಲ, ಒಬ್ಬರ ಆಕಳಿಕೆ ಇನ್ನೊಬ್ಬರದಲ್ಲ. ಆದರೆ ಆ 'ಚ್ಚ್' ಎಂಬುದನ್ನು ನಾನು ಯಾರಿಗಾಗಿಯೂ ಬೇರೆ ಮಾಡಿ ಕಲಿಯಬೇಕಾಗಿಲ್ಲ. ಕನ್ನಡದ್ದೂ ಅದೇ, ಮರಾಠಿಯದೂ ಅದೇ, ಜೈನರದೂ ಅದೇ, ಬಟಾಟೆಯವರದೂ ಅದೇ. ಎರಡೂ ಎರಡೂ ನಾಲ್ಕು ಎಂಬಷ್ಟು ಗಟ್ಟಿ ಸಾಕ್ಷಿ ಇದಲ್ಲ ಎಂದು ಪಂಡಿತರು ಹೇಳಬಹುದು. ಹೇಳಲಿ. ಅವರೂ ಆ ಜಾಗದಲ್ಲಿ ಕೂತಿದ್ದರೆ ಮೊದಲು 'ಚ್ಚ್' ಎಂದು, ಆಮೇಲೆ ವಾದ ಹೂಡುತ್ತಿದ್ದರು.

ಕಥೆ ಮುಗಿದಾಗ ಸಾಂಗ್ಲಿ ಕಡೆಯ ಒಬ್ಬ ವಯಸ್ಸಾದ ಡ್ರೈವರು, ನಮ್ಮ ಮಾಮಾನನ್ನು ಈ ಮೊದಲು ಕಂಡೂ ಇಲ್ಲದವನು, ಮಾಮಾನ ಕಡೆಯೇ ತಿರುಗಿ, "ಪಣ ತ್ಯಾ ಡ್ರೈವರಚೀ ಕಾಯ ಚೂಕ?" ಎಂದು ಕೇಳಿದ. ಪಾಪ, ಆ ಡ್ರೈವರನದೇನು ತಪ್ಪು ಎಂದು.

ಮಾಮಾ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಒಳಗೆ ಸರಿದಿದ್ದ ಮಾಲೆಯನ್ನು ಹೊರಗೆ ತೆಗೆದು ಹಾಕಿಕೊಂಡ. ಆಮೇಲೆ ಎದ್ದು ತನ್ನ ಹೊರೆಯ ಮೇಲುಭಾಗದಿಂದ ಒಂದು ಒಳ್ಳೆಯ ಗಳ ಹಿರಿದು, ಮೊಣಕಾಲಿಗೆ 'ಲಟಕ್' ಎಂದು ಮುರಿದ. ಬೆಲ್ಲದಂಥ ಬುಡದ ತುಂಡನ್ನು ಸಾಂಗ್ಲಿಯವನಿಗೆ ಕೊಟ್ಟ. ಸಪ್ಪನೆಯ ತುದಿಯನ್ನು ನನಗೆ ಕೊಟ್ಟ.

ನಾನು ಅಗಿಯುತ್ತ ಕೂತು ಬಹಳ ಯೋಚಿಸಿದೆ. ಅದರಲ್ಲಿ ಅನ್ಯಾಯವಾಯಿತು ಎನ್ನುವವರು ನನ್ನ ಗಂಟಲಿನ ನಲವತ್ತು ಜನರಲ್ಲಿ ಒಬ್ಬರೂ ಸಿಗಲಿಲ್ಲ.